ಪಾಲಿಗೆ ಹಕ್ಕುಳ್ಳ ತಮ್ಮ: ಮಧ್ಯಯುಗದ ಜರ್ಮನ್ ಕುಲೀನ ಮನೆಗಳ ಕಿರಿಯ ಮಕ್ಕಳ ಕುರಿತು ಚರ್ಚೆ

ತುಂಗಾತೀರದ ಓದುಗ:

ಯುರೋಪಿನ ಮಧ್ಯಯುಗದ ಬಗ್ಗೆ ನಮ್ಮಲ್ಲಿ ಬರುವ ಬರಹಗಳಲ್ಲಿ ಒಂದೇ ಚಿತ್ರ ಮತ್ತೆ ಮತ್ತೆ ಕಾಣುತ್ತದೆ. ಹಿರಿಯ ಮಗನಿಗೆ ಕೋಟೆ ಮತ್ತು ಜಮೀನು, ಎರಡನೆಯವನಿಗೆ ಕತ್ತಿ, ಮೂರನೆಯವನಿಗೆ ಚರ್ಚು. ಇಂಗ್ಲೆಂಡಿನ ಮಟ್ಟಿಗೆ ಇದು ಹೆಚ್ಚುಕಡಿಮೆ ಸರಿಯಿರಬಹುದು. ಆದರೆ ಜರ್ಮನ್ ನಾಡುಗಳ ಹಳೆಯ ಭೂಪಟವನ್ನು ಮುಂದಿಟ್ಟುಕೊಂಡು ಕೂತರೆ ಈ ಚಿತ್ರ ಅದಕ್ಕೆ ಹೊಂದುವುದಿಲ್ಲ. ವಿಟೆಲ್ಸ್‌ಬಾಖ್ ಮನೆತನದ ಬವೇರಿಯ 1255ರಲ್ಲಿ ಇಬ್ಬರು ಸಹೋದರರ ನಡುವೆ ಮೇಲಿನದು, ಕೆಳಗಿನದು ಎಂದು ಎರಡಾಯಿತು; 1392ರ ವಿಭಜನೆ ಮುಗಿಯುವ ಹೊತ್ತಿಗೆ ಮ್ಯೂನಿಕ್, ಲಾಂಡ್ಸ್‌ಹುಟ್, ಇಂಗೋಲ್‌ಸ್ಟಾಟ್, ಸ್ಟ್ರೌಬಿಂಗ್ ಎಂದು ನಾಲ್ಕು ಕಡೆ ನಾಲ್ಕು ಶಾಖೆಗಳು ಆಳುತ್ತಿದ್ದವು. ಕಿರಿಯ ಮಗನಿಗೆ ಏನೂ ಸಿಗುತ್ತಿರಲಿಲ್ಲವೆಂದಾದರೆ ಇಷ್ಟು ತುಂಡುಗಳು ಎಲ್ಲಿಂದ ಬಂದವು? ಸಿಗುತ್ತಿತ್ತು ಎಂದಾದರೆ, ಅಷ್ಟೊಂದು ಮಂದಿ ಕಿರಿಯ ಮಕ್ಕಳು ಚರ್ಚಿನ ದಾರಿ ಹಿಡಿದದ್ದೇಕೆ? ಬಲ್ಲವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹಳೆ ಕಡತ:

ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ಜರ್ಮನ್ ನಾಡುಗಳಲ್ಲಿ ಕಿರಿಯ ಮಗ ಹುಟ್ಟಿನಿಂದಲೇ ಪಾಲುದಾರ. ಸೀಮೆಯೊಂದನ್ನು ಆಳುವ ಕುಲೀನನಾದ ಕೌಂಟ್‌ನ ಮಕ್ಕಳೆಲ್ಲರೂ ಕೌಂಟ್‌ಗಳೇ, ಅಂದರೆ ಅವರ ಭಾಷೆಯಲ್ಲಿ ‘ಗ್ರಾಫ್’. ಬಿರುದು ಒಬ್ಬನಿಗೆ ಮಾತ್ರ ಇಳಿದು ಬಂದು ಉಳಿದವರು ಸಾಮಾನ್ಯರಾಗುವ ಪದ್ಧತಿ ಅಲ್ಲಿ ಇರಲಿಲ್ಲ. ಹದಿಮೂರನೆಯ ಶತಮಾನದ ಮೊದಲ ಭಾಗದಲ್ಲಿ ಐಕೆ ಫಾನ್ ರೆಪ್ಗೌ ಸಂಗ್ರಹಿಸಿದ ‘ಸಾಕ್ಸೆನ್‌ಷ್ಪೀಗೆಲ್’ ಎಂಬ ಕಾನೂನು ಗ್ರಂಥದಲ್ಲಿ ಒಂದು ನಿಯಮವಿದೆ: ಇಬ್ಬರು ಆಸ್ತಿ ಹಂಚಿಕೊಳ್ಳುವಾಗ ಹಿರಿಯನು ಪಾಲು ಮಾಡಬೇಕು, ಕಿರಿಯನು ಆರಿಸಿಕೊಳ್ಳಬೇಕು. ಪಾಲು ಮಾಡುವವನಿಗೆ ಯಾವ ತುಂಡು ತನಗೆ ಉಳಿಯುತ್ತದೆ ಎಂಬುದು ತಿಳಿಯದಿರುವುದರಿಂದ ಅವನು ಎರಡನ್ನೂ ಸಮನಾಗಿಯೇ ಕತ್ತರಿಸುತ್ತಾನೆ. ಇಂಥ ನಿಯಮ ಹುಟ್ಟಬೇಕಾದರೆ ತಮ್ಮನ ಹಕ್ಕು ಅಲ್ಲಿ ಎಷ್ಟು ಸಹಜವಾಗಿತ್ತು ಎಂಬುದನ್ನು ಯೋಚಿಸಿ.

ತೊಡಕು ಇದ್ದದ್ದು ಸ್ವಂತ ಜಮೀನಿನಲ್ಲಿ ಅಲ್ಲ, ಉಂಬಳಿಯಲ್ಲಿ. ಮೇಲಿನ ಒಡೆಯನು ಸೇವೆಗಾಗಿ ಕೊಟ್ಟ ಭೂಮಿ ಒಬ್ಬನ ಕೈಯಲ್ಲಿಯೇ ಇರಬೇಕು ಎಂಬುದು ಒಡೆಯನ ಹಿತ. ಚಕ್ರವರ್ತಿ ಫ್ರೆಡರಿಕ್ ಬಾರ್ಬರೊಸ್ಸಾ 1158ರಲ್ಲಿ ಇಟಲಿಯ ರೊಂಕಾಲಿಯಾದಲ್ಲಿ ಡಚಿ, ಗಡಿನಾಡು ಮತ್ತು ಕೌಂಟಿಗಳನ್ನು ಇನ್ನು ಮುಂದೆ ಒಡೆಯಬಾರದು ಎಂದು ಆಜ್ಞೆಯನ್ನೇ ಹೊರಡಿಸಿದನು. ಅದು ಹೆಚ್ಚು ಕಾಲ ನಡೆಯಲಿಲ್ಲ. ಮನೆತನಗಳು ಇದಕ್ಕೆ ಕಂಡುಕೊಂಡ ಉಪಾಯ ‘ಒಟ್ಟುಗೈ’: ಸಹೋದರರೆಲ್ಲರೂ ಒಟ್ಟಿಗೆ ಉಂಬಳಿಯನ್ನು ಸ್ವೀಕರಿಸುವುದು. ಒಬ್ಬನು ಮಕ್ಕಳಿಲ್ಲದೆ ಸತ್ತರೆ ಅದು ಒಡೆಯನಿಗೆ ಮರಳುವುದಿಲ್ಲ, ಉಳಿದ ಕೈಗಳಲ್ಲಿ ಉಳಿಯುತ್ತದೆ. 1356ರ ‘ಸುವರ್ಣ ಶಾಸನ’ ಚಕ್ರವರ್ತಿಯನ್ನು ಚುನಾಯಿಸುವ ಅರಸರ ನಾಡುಗಳು ಹಿರಿಯ ಮಗನಿಗೇ ಅಖಂಡವಾಗಿ ಸಲ್ಲಬೇಕು ಎಂದು ವಿಧಿಸಿತಾದರೂ, ಅದು ಕಾಪಾಡಿದ್ದು ತಿರುಳನ್ನು ಮಾತ್ರ. 1410ರಲ್ಲಿ ರಾಜ ರೂಪ್ರೆಖ್ಟ್ ತೀರಿಕೊಂಡಾಗ ಅಂಥ ನಾಡುಗಳಲ್ಲಿ ಒಂದಾದ ಪ್ಯಾಲಟಿನೇಟನ್ನು ಅವನ ನಾಲ್ವರು ಮಕ್ಕಳು ಹಂಚಿಕೊಂಡರು. ಚುನಾವಣೆಯ ಹಕ್ಕಿಗೆ ಅಂಟಿದ ಭಾಗ ಹಿರಿಯ ಲುಡ್ವಿಗ್‌ಗೆ ಹೋಯಿತು, ಉಳಿದದ್ದು ನಾಲ್ಕು ದಿಕ್ಕಾಯಿತು. ಬವೇರಿಯದಲ್ಲಿ ಹಿರಿಯ ಮಗನ ಏಕೈಕ ಹಕ್ಕು ಶಾಸನವಾದದ್ದು 1506ರಲ್ಲಿ, ಅದೂ ದಾಯಾದಿ ಯುದ್ಧವೊಂದು ನಾಡನ್ನು ಸುಟ್ಟ ಮೇಲೆ.

ಬೀದರಿನ ಶಿಕ್ಷಕಿ:

‘ಹಳೆ ಕಡತ’ ಅವರ ವಿವರಣೆ ಉಪಯುಕ್ತವಾಗಿದೆ. ಆದರೆ ಹಕ್ಕಿತ್ತು ಎಂದ ಮಾತ್ರಕ್ಕೆ ಅದು ಕೈಗೆ ಬಂತು ಎಂದಾಗುವುದಿಲ್ಲ. ಈ ವ್ಯತ್ಯಾಸದಿಂದಾಗಿ ಒಬ್ಬ ರಾಜನ ಕೊಲೆಯೇ ನಡೆದುಹೋಯಿತು. ಆ ಕಥೆಯನ್ನು ಇಲ್ಲಿ ಬಿಡಿಸಿ ಹೇಳಬೇಕೆನಿಸುತ್ತದೆ.

ಹ್ಯಾಬ್ಸ್‌ಬರ್ಗ್‌ನ ರಾಜ ರುಡಾಲ್ಫ್ 1282ರ ಡಿಸೆಂಬರಿನಲ್ಲಿ ಔಗ್ಸ್‌ಬುರ್ಗ್ ನಗರದಲ್ಲಿ ಆಸ್ಟ್ರಿಯ ಮತ್ತು ಸ್ಟಿರಿಯಗಳನ್ನು ತನ್ನ ಇಬ್ಬರು ಮಕ್ಕಳಾದ ಆಲ್ಬ್ರೆಖ್ಟ್ ಮತ್ತು ಕಿರಿಯ ರುಡಾಲ್ಫ್‌ಗೆ ಒಟ್ಟುಗೈಯಾಗಿಯೇ ಕೊಟ್ಟನು. ಇಬ್ಬರು ಒಡೆಯರಿಗೆ ತಲೆಬಾಗುವುದು ಆ ನಾಡಿನ ಪ್ರಮುಖರಿಗೆ ಒಪ್ಪಿಗೆಯಾಗಲಿಲ್ಲ. ಆರು ತಿಂಗಳಲ್ಲಿ, 1283ರ ರೈನ್‌ಫೆಲ್ಡನ್ ಒಪ್ಪಂದದಂತೆ, ಆಳ್ವಿಕೆ ಆಲ್ಬ್ರೆಖ್ಟ್ ಒಬ್ಬನದಾಯಿತು. ಕಿರಿಯ ರುಡಾಲ್ಫ್‌ಗೆ ನಾಲ್ಕು ವರ್ಷಗಳೊಳಗೆ ಬೇರೊಂದು ನಾಡನ್ನು ದೊರಕಿಸಿಕೊಡಬೇಕು, ಆಗದಿದ್ದರೆ ಹಣ ಕೊಟ್ಟು ತೀರಿಸಬೇಕು ಎಂದು ಬರೆದರು. ನಾಲ್ಕು ವರ್ಷ ಕಳೆಯಿತು, ಏಳಾಯಿತು, ಏನೂ ಬರಲಿಲ್ಲ. 1290ರಲ್ಲಿ ಆ ಕಿರಿಯ ಮಗ ಬರಿಗೈಯಲ್ಲಿಯೇ ತೀರಿಕೊಂಡನು. ಅದೇ ಸುಮಾರಿಗೆ ಹುಟ್ಟಿದ ಅವನ ಮಗ ಯೋಹಾನ್ ಬೆಳೆದಂತೆಲ್ಲ ದೊಡ್ಡಪ್ಪನ ಬಳಿ ತಂದೆಯ ಬಾಕಿಯನ್ನು ಕೇಳುತ್ತ ಬಂದನು. ಆ ದೊಡ್ಡಪ್ಪ ಅಷ್ಟರಲ್ಲಿ ಜರ್ಮನಿಯ ರಾಜನಾಗಿದ್ದನು, ಹುಡುಗನಿಗೋ ‘ನಾಡಿಲ್ಲದ ಡ್ಯೂಕ್’ ಎಂಬ ಅಡ್ಡಹೆಸರು ಅಂಟಿತ್ತು. 1308ರ ಮೇ 1ರಂದು, ರಾಯ್ಸ್ ನದಿಯನ್ನು ದಾಟಿ ವಿಂಡಿಷ್ ಬಳಿ ಬಂದ ರಾಜ ಆಲ್ಬ್ರೆಖ್ಟ್‌ನನ್ನು ಯೋಹಾನ್ ಮತ್ತು ಅವನ ಸಂಗಡಿಗರು ಕಡಿದು ಕೊಂದರು. ರಾಜನ ವಿಧವೆ ಎಲಿಜಬೆತ್ ಅದೇ ಸ್ಥಳದಲ್ಲಿ ಕೋನಿಗ್ಸ್‌ಫೆಲ್ಡನ್ ಮಠವನ್ನು ಕಟ್ಟಿಸಿದಳು.

ಕೊಲೆಯನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಆ ಇಪ್ಪತ್ತೈದು ವರ್ಷಗಳ ಬಾಕಿಯನ್ನು ಬಿಟ್ಟು ‘ಪಿತೃಘಾತಕ ಯೋಹಾನ್’ ಎಂದಷ್ಟೇ ಹೇಳಿ ಮುಗಿಸುವ ಬರಹಗಳನ್ನು ಓದಿದಾಗ ನನಗೆ ಸಂಕಟವಾಗುತ್ತದೆ.

ತುಂಗಾತೀರದ ಓದುಗ:

ಇದು ನನಗೆ ಗೊತ್ತೇ ಇರಲಿಲ್ಲ. ತಮಗೆ ಕೃತಜ್ಞತೆಗಳು. ಹಾಗಾದರೆ ಚರ್ಚಿನ ವಿಷಯವನ್ನೂ ಸ್ವಲ್ಪ ಬಿಡಿಸಿ ಹೇಳುವಿರಾ? ಕಿರಿಯ ಮಗನನ್ನು ಚರ್ಚಿಗೆ ಕಳಿಸುವುದೆಂದರೆ ಪಾಲು ತಪ್ಪಿಸುವ ಉಪಾಯವೇ? ಒಮ್ಮೆ ಹೋದವನು ಹಿಂದಿರುಗುವ ದಾರಿಯಿತ್ತೇ?

ಹಳೆ ಕಡತ:

ದಾರಿಯಿತ್ತು, ಮತ್ತು ಅದನ್ನು ಉದ್ದೇಶಪೂರ್ವಕವಾಗಿಯೇ ತೆರೆದಿಡುತ್ತಿದ್ದರು.

ಮೊದಲು ಅಲ್ಲಿನ ವ್ಯವಸ್ಥೆಯನ್ನು ಹೇಳುತ್ತೇನೆ. ಪ್ರತಿಯೊಂದು ಬಿಷಪ್‌ನ ಮಹಾಚರ್ಚಿಗೂ ಒಂದು ಮಂಡಳಿ ಇರುತ್ತಿತ್ತು. ಅದರ ಸದಸ್ಯನಿಗೆ ಚರ್ಚಿನ ಭೂಮಿಯ ಹುಟ್ಟುವಳಿಯಿಂದ ಧಾನ್ಯ, ದ್ರಾಕ್ಷಾರಸ, ನಗದು ಸಂದಾಯವಾಗುತ್ತಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೊಂದು ವರ್ಷಾಶನ. ಕೊಲೋನ್‌ನ ಮಂಡಳಿಯಲ್ಲಿ ಪಾದ್ರಿಗಳಿಗೆಂದೇ ಮೀಸಲಾದ ಕೆಲವು ಸ್ಥಾನಗಳನ್ನು ಬಿಟ್ಟರೆ ಉಳಿದವುಗಳೆಲ್ಲ ಉನ್ನತ ಕುಲೀನ ಮನೆತನಗಳವರಿಗೇ ಮೀಸಲು. ಅಜ್ಜ ಅಜ್ಜಿಯರ ಕುಲವನ್ನು ಸಾಬೀತುಪಡಿಸದೆ ಒಳಗೆ ಕಾಲಿಡುವಂತಿರಲಿಲ್ಲ. ಇದಕ್ಕಿಂತ ಮುಖ್ಯವಾದದ್ದು, ಬಿಷಪ್‌ನನ್ನು ಆರಿಸುತ್ತಿದ್ದುದು ಈ ಮಂಡಳಿಯೇ. ಕೊಲೋನ್, ಮೈನ್ಸ್ ಮತ್ತು ಟ್ರಿಯರ್‌ಗಳ ಆರ್ಚ್‌ಬಿಷಪ್‌ಗಳು ರಾಜನನ್ನು ಚುನಾಯಿಸುವವರು ಮತ್ತು ಸ್ವತಃ ನಾಡನ್ನಾಳುವ ಅರಸರು. ಆದ್ದರಿಂದ ಮಂಡಳಿಯ ಒಂದು ಸ್ಥಾನವೆಂದರೆ ಅನ್ನವೂ ಹೌದು, ಮತವೂ ಹೌದು.

ಇನ್ನು ಹಿಂದಿರುಗುವ ದಾರಿ. ಪಾದ್ರಿಯಾಗುವ ದಾರಿಯ ಮೆಟ್ಟಿಲುಗಳಲ್ಲಿ ಒಂದಾದ ಉಪಡೀಕನ್ ದೀಕ್ಷೆಯನ್ನು ತೆಗೆದುಕೊಂಡ ಮೇಲೆ ಬ್ರಹ್ಮಚರ್ಯ ಕಡ್ಡಾಯ, ಅದಕ್ಕೂ ಕೆಳಗಿನ ದೀಕ್ಷೆಯಲ್ಲಿ ನಿಂತವನು ಹುದ್ದೆ ಬಿಟ್ಟು ಮದುವೆಯಾಗಬಹುದಾಗಿತ್ತು. ಹೀಗಾಗಿ ಅನೇಕರು ವರ್ಷಾಶನವನ್ನು ಪಡೆಯುತ್ತ, ಮೇಲಿನ ದೀಕ್ಷೆಯನ್ನು ಮುಂದೂಡುತ್ತ, ಮನೆಯ ಕಡೆ ಒಂದು ಕಣ್ಣಿಟ್ಟು ಕೂತಿರುತ್ತಿದ್ದರು. ಕ್ಲೇವೆ ಮನೆತನದಲ್ಲಿ ಇದು ಎರಡು ತಲೆಮಾರು ನಡೆಯಿತು. ಅಣ್ಣ ಡೀಟ್ರಿಖ್ 1347ರಲ್ಲಿ ಗಂಡುಮಕ್ಕಳಿಲ್ಲದೆ ಸತ್ತಾಗ, ಚರ್ಚಿನ ಹುದ್ದೆಯಲ್ಲಿದ್ದ ತಮ್ಮ ಯೋಹಾನ್ ಅದನ್ನು ತೊರೆದು ಬಂದು ಕೌಂಟ್ ಆದನು, ಮದುವೆಯನ್ನೂ ಆದನು. ಆದರೂ ಮಕ್ಕಳಾಗಲಿಲ್ಲ. 1368ರಲ್ಲಿ ಅವನು ತೀರಿಕೊಂಡಾಗ ಮುಂದೆ ಬಂದವನು ಡೀಟ್ರಿಖ್‌ನ ಮಗಳ ಮಗ ಆಡಾಲ್ಫ್ ಫಾನ್ ಡೆರ್ ಮಾರ್ಕ್. ಇವನು ಆರು ವರ್ಷ ಮ್ಯೂನ್‌ಸ್ಟರಿನ ಬಿಷಪ್ ಆಗಿದ್ದವನು, 1363ರಲ್ಲಿ ಕೊಲೋನ್‌ನ ಆರ್ಚ್‌ಬಿಷಪ್ ಪದವಿಗೂ ಆಯ್ಕೆಯಾಗಿದ್ದವನು. ಮರುವರ್ಷವೇ ಆ ಪೀಠವನ್ನು ಬಿಟ್ಟುಕೊಟ್ಟನು, ಅದು ಅವನ ಚಿಕ್ಕಪ್ಪನಿಗೆ ಹೋಯಿತು. ಆಡಾಲ್ಫ್ ಕ್ಲೇವೆಯ ಕೌಂಟ್ ಆಗಿ, ಯೂಲಿಖ್ ಮನೆತನದ ಮಾರ್ಗರೆಟ್‌ಳನ್ನು ಮದುವೆಯಾಗಿ ಹೊಸದೊಂದು ವಂಶವನ್ನೇ ಬೆಳೆಸಿದನು.

ಆದ್ದರಿಂದ ಕಿರಿಯ ಮಗನನ್ನು ಮನೆಯಿಂದ ಹೊರಗೆ ಹಾಕಿದರು ಎನ್ನುವುದಕ್ಕಿಂತ, ಬೇರೊಬ್ಬರ ಖರ್ಚಿನಲ್ಲಿ ಕಾದಿರಿಸಿದರು ಎನ್ನುವುದು ನನಗೆ ಹೆಚ್ಚು ಸರಿ ಎನಿಸುತ್ತದೆ.

ಮೋಸೆಲ್ ದಂಡೆ:

ನಾನು ಕೆಲಸದ ನಿಮಿತ್ತ ಕೆಲವು ವರ್ಷಗಳಿಂದ ಕೋಬ್ಲೆನ್ಸ್ ಬಳಿ ವಾಸವಾಗಿದ್ದೇನೆ. ಈ ಚರ್ಚೆಯನ್ನು ಓದುವಾಗ ನನ್ನ ಮನಸ್ಸು ಹೋದದ್ದು ಎಲ್ಟ್ಸ್ ಕೋಟೆಯ ಕಡೆಗೆ.

ಮೋಸೆಲ್ ನದಿಯಿಂದ ಕಾಡಿನೊಳಗೆ ಹೋಗುವ ಒಂದು ಕಣಿವೆಯಲ್ಲಿ, ಮೂರು ಕಡೆ ತೊರೆ ಸುತ್ತಿಕೊಂಡ ಸುಮಾರು ಎಪ್ಪತ್ತು ಮೀಟರ್ ಎತ್ತರದ ಬಂಡೆಯ ಮೇಲೆ ಅದು ನಿಂತಿದೆ. 1268ರಲ್ಲಿ ಎಲಿಯಾಸ್, ವಿಲ್ಹೆಲ್ಮ್, ಟೆಯೊಡೆರಿಖ್ ಎಂಬ ಮೂವರು ಸಹೋದರರು ಕೋಟೆಯನ್ನೂ ಆಸ್ತಿಯನ್ನೂ ಹಂಚಿಕೊಂಡರು. ಬಂಡೆಯನ್ನು ಹಂಚಲು ಬರುವುದಿಲ್ಲವಲ್ಲ! ಆದ್ದರಿಂದ ಒಂದೇ ಅಂಗಳದ ಸುತ್ತ ಮೂರು ಶಾಖೆಗಳೂ ತಲೆಮಾರುಗಳುದ್ದಕ್ಕೂ ತಮ್ಮ ತಮ್ಮ ಮನೆಗಳನ್ನು ಮೇಲಕ್ಕೆ ಮೇಲಕ್ಕೆ ಕಟ್ಟುತ್ತ ಹೋದವು. ಚಿನ್ನದ ಸಿಂಹದ ಎಲ್ಟ್ಸ್, ಬೆಳ್ಳಿಯ ಸಿಂಹದ ಎಲ್ಟ್ಸ್, ಕಾಡುಕೋಣದ ಕೊಂಬಿನ ಎಲ್ಟ್ಸ್ ಎಂದು ಲಾಂಛನದಿಂದಲೇ ಅವರನ್ನು ಗುರುತಿಸುತ್ತಿದ್ದರು. ಅಂಗಳದ ನಡುವೆ ನಿಂತು ತಲೆ ಎತ್ತಿದರೆ ಆಕಾಶ ಒಂದು ಸಣ್ಣ ತುಂಡಾಗಿ ಕಾಣುತ್ತದೆ. ಸುತ್ತಲೂ ಗೋಡೆಗೆ ಗೋಡೆ ತಾಗಿದ ಗೋಪುರಗಳು, ಒಂದರ ಕಿಟಕಿ ಇನ್ನೊಂದರ ಕಿಟಕಿಗೆ ಎದುರಾಗಿದೆ. ಇಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟರೂ ಮುಖ ತಪ್ಪಿಸಲು ಸಾಧ್ಯವಿರಲಿಲ್ಲ ಎಂದು ಮೊದಲ ಸಲ ಹೋದಾಗಲೇ ನನಗೆ ಅನ್ನಿಸಿತು.

ಇಂಥ ಸಹಪಾಲಿನ ಕೋಟೆಗಳಲ್ಲಿ ‘ಬುರ್ಗ್‌ಫ್ರೀಡೆನ್’ ಎಂಬ ಕರಾರು ಇರುತ್ತಿತ್ತು. ಗಡಿಯೊಳಗೆ ಒಬ್ಬರ ಮೇಲೊಬ್ಬರು ಆಯುಧ ಎತ್ತುವಂತಿಲ್ಲ, ಪಾಲುದಾರನ ವೈರಿಗೆ ಆಸರೆ ಕೊಡುವಂತಿಲ್ಲ. ಬಾಗಿಲು ಕಾಯುವವನ ಮತ್ತು ಗೋಪುರದ ಕಾವಲುಗಾರನ ಸಂಬಳ, ಗೋಡೆಯ ದುರಸ್ತಿ ಎಲ್ಲರ ಖರ್ಚು.

ಇನ್ನೊಂದು ಮಾತು. ಕೋಟೆಯ ಎದುರಿನ ಎತ್ತರದಲ್ಲಿ ಟ್ರುಟ್ಸ್‌ಎಲ್ಟ್ಸ್ ಎಂಬ ಸಣ್ಣ ಪಾಳು ಕೋಟೆಯಿದೆ. ಎಲ್ಟ್ಸ್‌ನವರನ್ನು ಮಣಿಸಲೆಂದೇ 1331ರ ನಂತರ ಅದನ್ನು ಕಟ್ಟಿಸಿದವನು ಟ್ರಿಯರ್‌ನ ಆರ್ಚ್‌ಬಿಷಪ್ ಬಾಲ್ಡುಯಿನ್. ಅವನೂ ಒಬ್ಬ ಕಿರಿಯ ಮಗನೇ! ಅವನ ಬಗ್ಗೆ ಬಲ್ಲವರು ಬರೆಯಬೇಕು.

ಹಳೆ ಕಡತ:

ಬಾಲ್ಡುಯಿನ್‌ನ ಪ್ರಸ್ತಾಪ ಬಂದದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಶಿಕ್ಷಕಿಯವರು ಹೇಳಿದ ಕೊಲೆಗೂ ಅವನಿಗೂ ನೇರ ಸಂಬಂಧವಿದೆ.

ಲಕ್ಸೆಂಬರ್ಗ್‌ನ ಕೌಂಟ್ 1288ರಲ್ಲಿ ವೊರಿಂಗನ್ ಯುದ್ಧದಲ್ಲಿ ಮಡಿದಾಗ ಅವನ ಮೂವರು ಗಂಡುಮಕ್ಕಳೂ ಚಿಕ್ಕವರು. ಹಿರಿಯ ಹೈನ್ರಿಖ್ ಕೌಂಟ್ ಆದನು, ವಾಲ್ರಾಮ್ ಅಣ್ಣನ ಜೊತೆಗೆ ಯೋಧನಾಗಿ ನಿಂತನು, ಎಲ್ಲರಿಗಿಂತ ಚಿಕ್ಕವನಾದ ಬಾಲ್ಡುಯಿನ್ ಪ್ಯಾರಿಸ್‌ಗೆ ಓದಲು ಹೋದನು. 1307ರ ಕೊನೆಯಲ್ಲಿ ಟ್ರಿಯರ್ ಮಂಡಳಿ ಅವನನ್ನು ಆರಿಸಿದಾಗ ಅವನ ವಯಸ್ಸು ಸುಮಾರು ಇಪ್ಪತ್ತೆರಡು. ಚರ್ಚಿನ ನಿಯಮದಂತೆ ಮೂವತ್ತಾಗಬೇಕಿತ್ತು. ಪೋಪ್ ಐದನೆಯ ಕ್ಲೆಮೆಂಟ್ ವಿನಾಯಿತಿ ಕೊಟ್ಟು 1308ರ ಮಾರ್ಚಿನಲ್ಲಿ ಪೊಯಿಟಿಯೇ ನಗರದಲ್ಲಿ ಅವನಿಗೆ ಅಭಿಷೇಕ ಮಾಡಿದನು. ಎರಡೇ ತಿಂಗಳಲ್ಲಿ ರಾಜ ಆಲ್ಬ್ರೆಖ್ಟ್ ಕೊಲೆಯಾದನು. ಆ ವರ್ಷದ ನವೆಂಬರಿನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಸೇರಿದ ಚುನಾಯಕರು ಹೈನ್ರಿಖ್‌ನನ್ನು ರಾಜನನ್ನಾಗಿ ಆರಿಸಿದರು. ಮತ ಹಾಕಿದವರಲ್ಲಿ ತಮ್ಮನೂ ಒಬ್ಬನು. ಹ್ಯಾಬ್ಸ್‌ಬರ್ಗ್ ಮನೆಯಲ್ಲಿ ತಮ್ಮನ ಬಾಕಿ ಉಳಿದುಹೋದದ್ದು, ಲಕ್ಸೆಂಬರ್ಗ್ ಮನೆಯಲ್ಲಿ ತಮ್ಮನಿಗೆ ಸರಿಯಾದ ಸ್ಥಾನ ದೊರೆತದ್ದು, ಎರಡೂ ಒಂದೇ ವರ್ಷದಲ್ಲಿ ಬಂದು ಕೂಡಿಕೊಂಡವು.

1310ರಲ್ಲಿ ಮೂವರೂ ಒಟ್ಟಿಗೆ ಆಲ್ಪ್ಸ್ ದಾಟಿ ಇಟಲಿಗೆ ಹೊರಟರು. ಮರುವರ್ಷ ಬ್ರೆಶಿಯಾ ಮುತ್ತಿಗೆಯಲ್ಲಿ ವಾಲ್ರಾಮ್ ಸತ್ತನು. 1312ರಲ್ಲಿ ಹೈನ್ರಿಖ್‌ಗೆ ರೋಮ್‌ನಲ್ಲಿ ಚಕ್ರವರ್ತಿಯ ಕಿರೀಟ ದೊರೆಯಿತು, 1313ರ ಆಗಸ್ಟಿನಲ್ಲಿ ಸಿಯೆನಾ ಬಳಿಯ ಬುವೊನ್‌ಕೊನ್ವೆಂಟೊದಲ್ಲಿ ಜ್ವರದಿಂದ ಅವನೂ ಹೋದನು. ಉಳಿದವನು ಕಿರಿಯವನೊಬ್ಬನೇ. ಮುಂದೆ ಅವನು ಈ ಯಾತ್ರೆಯನ್ನು 73 ಬಣ್ಣದ ಚಿತ್ರಗಳಲ್ಲಿ ಬರೆಸಿದನು. ಆ ಹಾಳೆಗಳು ಇಂದಿಗೂ ಕೋಬ್ಲೆನ್ಸ್‌ನ ಪತ್ರಾಗಾರದಲ್ಲಿವೆ. ರೋಮ್‌ನ ಬೀದಿ ಕಾಳಗದ ಚಿತ್ರವೊಂದರಲ್ಲಿ ಆರ್ಚ್‌ಬಿಷಪ್ ಕುದುರೆಯ ಮೇಲೆ ಕೂತು ಕತ್ತಿ ಬೀಸುತ್ತಿದ್ದಾನೆ. ತನ್ನನ್ನು ಹಾಗೆ ತೋರಿಸುವುದು ಅವನಿಗೆ ಸಂಕೋಚದ ವಿಷಯವಾಗಿರಲಿಲ್ಲ. ದೀಕ್ಷೆ ಪಡೆದ ಮೇಲೂ ತಾನು ಆ ಮನೆಯ ಮಗ, ಅಣ್ಣನ ಬಲಗೈ ಎಂಬುದನ್ನೇ ಅವನು ನೆನಪಿನಲ್ಲಿ ಉಳಿಸಬಯಸಿದನು. ಅಣ್ಣನ ಮೊಮ್ಮಗನಾದ ನಾಲ್ಕನೆಯ ಚಾರ್ಲ್ಸ್ 1346ರಲ್ಲಿ ರಾಜನಾಗಿ ಆಯ್ಕೆಯಾದಾಗಲೂ ಬೆನ್ನಿಗೆ ನಿಂತವನು ಇದೇ ಚಿಕ್ಕಜ್ಜ.

ಎಲ್ಟ್ಸ್ ಕದನದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಎಲ್ಟ್ಸ್, ಏರೆನ್‌ಬುರ್ಗ್, ಷ್ಯೋನೆಕ್, ವಾಲ್ಡೆಕ್ ಕೋಟೆಗಳ ನೈಟ್‌ಗಳು ಕೂಡಿ ಬಾಲ್ಡುಯಿನ್‌ನ ಹಿಡಿತವನ್ನು ಎದುರಿಸಿದರು. 1336ರ ಶಾಂತಿಯ ನಂತರ ಎಲ್ಟ್ಸ್‌ನವರು ಸ್ವತಂತ್ರರಾಗಿ ಉಳಿಯದೆ ಟ್ರಿಯರ್‌ನ ಅಧೀನರಾದರು.

ಬೀದರಿನ ಶಿಕ್ಷಕಿ:

ನಾವು ಇಷ್ಟು ಹೊತ್ತು ಮಾತಾಡಿದ್ದು ಗೆದ್ದವರ ಬಗ್ಗೆ ಎಂಬುದನ್ನು ಮರೆಯಬಾರದು. ಬಾಲ್ಡುಯಿನ್‌ನಂಥವನು ನೂರರಲ್ಲಿ ಒಬ್ಬನಿರಬಹುದೇನೋ. ‘ಕಾದಿರಿಸಿದರು’ ಎಂಬ ಮಾತನ್ನು ನಾನು ಒಪ್ಪುತ್ತೇನೆ, ಆದರೆ ಕಾದಿರಿಸಲ್ಪಟ್ಟವನ ಕಡೆಯಿಂದ ಅದನ್ನು ನೋಡಿ. ಮದುವೆಯಾಗುವ ಹಾಗಿಲ್ಲ, ಏಕೆಂದರೆ ಮದುವೆಯಾದರೆ ಮಕ್ಕಳಾಗುತ್ತವೆ, ಮಕ್ಕಳಾದರೆ ಪಾಲು ಇನ್ನೂ ಒಡೆಯುತ್ತದೆ. ಬ್ರೌನ್‌ಷ್ವೈಗ್‌ನ ಡ್ಯೂಕ್ ಆಲ್ಬ್ರೆಖ್ಟ್ 1279ರಲ್ಲಿ ಆರು ಗಂಡುಮಕ್ಕಳನ್ನು ಬಿಟ್ಟು ಸತ್ತನು. ಮೂವರು ನಾಡನ್ನು ಹಂಚಿಕೊಂಡರು. ಉಳಿದ ಮೂವರು ಸೇರಿದ್ದು ಸನ್ಯಾಸಿ ಯೋಧರ ಸಂಘಗಳನ್ನು: ಒಬ್ಬನು ಟೆಂಪ್ಲರ್ ಸಂಘಕ್ಕೆ, ಒಬ್ಬನು ಸಂತ ಯೋಹಾನನ ಸಂಘಕ್ಕೆ, ಲೂಥರ್ ಎಂಬವನು ಟ್ಯೂಟಾನಿಕ್ ಸಂಘಕ್ಕೆ ಹೋದರು. ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಪ್ರತಿಜ್ಞೆ ಮಾಡಿ, ಕಪ್ಪು ಶಿಲುಬೆಯ ಬಿಳಿ ನಿಲುವಂಗಿ ತೊಟ್ಟು, ಹುಟ್ಟಿದೂರಿನಿಂದ ಬಹುದೂರದ ಪ್ರಷ್ಯದಲ್ಲಿ ಬದುಕು ಕಳೆಯುವುದು. ಲೂಥರ್ 1331ರಲ್ಲಿ ಆ ಸಂಘದ ಮುಖ್ಯಸ್ಥನಾದನು ಎಂಬುದು ನಿಜ, ಆದರೆ ಮುಖ್ಯಸ್ಥನ ಪೀಠ ಒಂದೇ.

ಸಣ್ಣ ನೈಟ್ ಮನೆತನದ ಕಿರಿಯ ಮಗನಿಗೆ ಇಂಥ ಆಯ್ಕೆಗಳೂ ಕಡಿಮೆ. ಅವರಲ್ಲಿ ತನ್ನ ಬಾಯಿಂದಲೇ ತನ್ನ ಬದುಕನ್ನು ಹೇಳಿಟ್ಟವನು ದಕ್ಷಿಣ ಟಿರೋಲ್‌ನ ಕವಿ ಓಸ್ವಾಲ್ಡ್ ಫಾನ್ ವೊಲ್ಕೆನ್‌ಸ್ಟೈನ್. ಅವನು ಎರಡನೆಯ ಮಗ. ಹತ್ತು ವರ್ಷದವನಿದ್ದಾಗ ಚೀಲದಲ್ಲಿ ಮೂರು ಕಾಸು ಮತ್ತು ಒಂದು ತುಂಡು ರೊಟ್ಟಿ ಇಟ್ಟುಕೊಂಡು ಮನೆ ಬಿಟ್ಟೆನೆಂದು ಅವನೇ ಹಾಡಿನಲ್ಲಿ ಹೇಳುತ್ತಾನೆ. ತಂದೆ ಸತ್ತ ಮೇಲೆ ಪಾಲಿಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು. 1407ರಲ್ಲಿ ಮೂವರು ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡಾಗ ಅವನಿಗೆ ಬಂದದ್ದು ಹಾವೆನ್‌ಸ್ಟೈನ್ ಕೋಟೆಯ ಮೂರನೆಯ ಒಂದು ಪಾಲು ಮತ್ತು ಅದಕ್ಕೆ ಸೇರಿದ ಹೊಲಮನೆಗಳು. ಉಳಿದ ಎರಡು ಪಾಲು ಮಾರ್ಟಿನ್ ಯೇಗರ್ ಎಂಬ ಬೇರೊಬ್ಬನದು. ಮೂರನೆಯ ಒಂದು ಕೋಟೆಯಲ್ಲಿ ಹೆಂಡತಿ ಮಕ್ಕಳನ್ನು ಇಟ್ಟುಕೊಂಡು ಬಾಳುವುದು ಹೇಗೆ? ಓಸ್ವಾಲ್ಡ್ ಇಡೀ ಕೋಟೆಯನ್ನೇ ಹಿಡಿದು ಕೂತನು. 1421ರಲ್ಲಿ ಎದುರು ಪಕ್ಷದವರು ಅವನನ್ನು ಮೋಸದಿಂದ ಹಿಡಿದು ಚಿತ್ರಹಿಂಸೆ ಕೊಟ್ಟರು, ಆಮೇಲೆ ಅವನು ನಾಡಿನ ಡ್ಯೂಕ್‌ನ ಸೆರೆಗೂ ಬಿದ್ದನು. 1427ರಲ್ಲಿ ಹಣ ತೆತ್ತು ರಾಜಿ ಮಾಡಿಕೊಂಡ ಮೇಲೆಯೇ ಕೋಟೆ ಪೂರ್ತಿ ಅವನದಾದದ್ದು. ರಾಜ ಸಿಗಿಸ್ಮಂಡ್‌ನ ಸೇವೆಯಲ್ಲಿ ಯುರೋಪನ್ನೆಲ್ಲ ಸುತ್ತಿದ ಆ ಮನುಷ್ಯ, ಚಳಿಗಾಲದಲ್ಲಿ ಆ ಕಾಡಿನ ಕೋಟೆಯೊಳಗೆ ಕೂತು, ಸುತ್ತ ಕರು, ಮೇಕೆ, ದನ ಮತ್ತು ಒರಟು ಜನರಲ್ಲದೆ ಬೇರೇನೂ ಕಾಣುತ್ತಿಲ್ಲವೆಂದು ಕೊರಗಿ ಹಾಡಿದ್ದಾನೆ.

ತುಂಗಾತೀರದ ಓದುಗ:

ಓದುತ್ತ ಓದುತ್ತ ಮನಸ್ಸು ಭಾರವಾಯಿತು. ಹೆಣ್ಣುಮಕ್ಕಳ ವಿಷಯ ಯಾರೂ ಎತ್ತಿಲ್ಲ. ಕಿರಿಯ ಮಗನಿಗೆ ಕಾಗದದ ಮೇಲಾದರೂ ಪಾಲಿತ್ತು. ಅವನ ಅಕ್ಕತಂಗಿಯರಿಗೆ?

ಬೀದರಿನ ಶಿಕ್ಷಕಿ:

ಈ ಪ್ರಶ್ನೆಯನ್ನು ನಾನೇ ಮೊದಲು ಕೇಳಬೇಕಿತ್ತು. ಮದುವೆಯಾಗಿ ಹೋಗುವವಳು ವರದಕ್ಷಿಣೆಯನ್ನು ಪಡೆದು, ತಂದೆಯ ಆಸ್ತಿಯಲ್ಲಿ ಇನ್ನು ತನಗೆ ಹಕ್ಕಿಲ್ಲವೆಂದು ಬರೆದುಕೊಡುವುದು ಮಧ್ಯಯುಗದ ಕೊನೆಯ ಹೊತ್ತಿಗೆ ರೂಢಿಯಾಯಿತು. ಉಳಿದವರಿಗೆ ಮಠ. ಅಲ್ಲಿಗೆ ಹೋಗುವವಳ ಜೊತೆಗೂ ಹಣವೋ ಹೊಲದ ಹುಟ್ಟುವಳಿಯೋ ಹೋಗಬೇಕಿತ್ತು, ಆದರೆ ಅದು ಮದುವೆಯ ಖರ್ಚಿಗಿಂತ ಕಡಿಮೆ.

ಓಸ್ವಾಲ್ಡ್‌ನ ಮನೆಯಲ್ಲೇ ಇದಕ್ಕೆ ಉದಾಹರಣೆ ಇದೆ. ಅವನು 1445ರ ಆಗಸ್ಟಿನಲ್ಲಿ ಮೆರಾನ್‌ನಲ್ಲಿ ತೀರಿಕೊಂಡನು, ನೊಯ್‌ಷ್ಟಿಫ್ಟ್ ಮಠದಲ್ಲಿ ಅವನ ಸಮಾಧಿಯಾಯಿತು. ಪಾಲು ಕೈಗೆ ಬಂದ ಮರುವರ್ಷ, 1408ರಲ್ಲಿ, ಅವನು ತನ್ನದೇ ಸ್ಮಾರಕಶಿಲೆಯೊಂದನ್ನು ಕೆತ್ತಿಸಿದ್ದನು; ಉದ್ದ ಗಡ್ಡದ ನೈಟ್ ಶಿಲುಬೆಯ ಬಾವುಟ ಹಿಡಿದು ನಿಂತಿರುವ ಆ ಕಲ್ಲು ಬ್ರಿಕ್ಸನ್‌ನ ಮಹಾಚರ್ಚಿನ ಪಕ್ಕದಲ್ಲಿ ಈಗಲೂ ಇದೆ. ಅದೇ ಬ್ರಿಕ್ಸನ್ ಊರಿನಲ್ಲಿ ಅವನ ಮಗಳು ಮರಿಯಾ ಸಂತ ಕ್ಲಾರಾಳ ಮಠ ಸೇರಿದ್ದಳು. 1450ರ ದಶಕದಲ್ಲಿ ಬಿಷಪ್ ಆಗಿ ಬಂದ ಕೂಸಾದ ನಿಕೋಲಸ್ ಮಠದ ಬಾಗಿಲುಗಳನ್ನು ಬಿಗಿಯಾಗಿ ಮುಚ್ಚಿಸಿ ಕಟ್ಟುನಿಟ್ಟಿನ ನಿಯಮ ತರಲು ಹೊರಟಾಗ ಎದುರು ನಿಂತವರಲ್ಲಿ ಮರಿಯಾ ಮುಂಚೂಣಿಯಲ್ಲಿದ್ದಳು. ಆಗ ಅವಳು ಸಹಾಯ ಕೇಳಿ ಪತ್ರ ಬರೆದದ್ದು ತಂದೆಯ ಆಸ್ತಿಯನ್ನು ಪಡೆದ ತನ್ನ ಒಡಹುಟ್ಟಿದವರಿಗೆ.